ರೋಲಿನ ಒಳಸುತ್ತು

ನಮ್ಮ ಮನೆಯಲ್ಲಿ ಇದ್ದದ್ದೇ ಮೂರು ಕೋಣೆ. ಅವುಗಳಲ್ಲಿ ಒಂದರೊಳಗೆ ಬೆಳಕು ಕಾಲಿಡುವಂತಿರಲಿಲ್ಲ. ಬಾದಾಮಿಯ ಕೆಂಪು ಗುಡ್ಡದ ಬುಡದಲ್ಲಿ, ಕೆರೆಯ ಕಡೆಗೆ ಹೋಗುವ ಓಣಿಯಲ್ಲಿ ನಮ್ಮ ಮನೆ. ಬೀದಿಗೆ ಮುಖ ಮಾಡಿದ ಕೋಣೆ ಅಪ್ಪನ ಫೋಟೋ ಸ್ಟುಡಿಯೋ. ನಡುವಿನದು ಅಡುಗೆಗೆ, ಊಟಕ್ಕೆ, ನಿದ್ದೆಗೆ, ಜಗಳಕ್ಕೆ. ಹಿಂದಿನದು ಕತ್ತಲೆ ಕೋಣೆ. ಅಪ್ಪನ ತಾಯಿ, ಅಂದರೆ ನನ್ನ ಆಯಿ, ಮೊದಲು ಅಲ್ಲಿ ಜೋಳದ ಚೀಲ ಒಟ್ಟುತ್ತಿದ್ದಳಂತೆ. ಅಪ್ಪ ಮಾಳಿಗೆಯ ಬೆಳಕಿಂಡಿಗೆ ಚಪ್ಪಡಿ ಕಲ್ಲು ಮುಚ್ಚಿ, ಸುತ್ತ ಸೆಗಣಿ ಮೆತ್ತಿ, ಕೆಂಪು ಬಲ್ಬು ಹಾಕಿದ ದಿನದಿಂದ ಆಯಿಯ ಜೋಳ ನಡುಮನೆಗೆ ಬಂತು, ಫೋಟೋ ತೊಳೆಯುವ ಔಷಧದ ವಾಸನೆ ಜೋಳಕ್ಕೆ ಬಂತು. ರೊಟ್ಟಿ ಮುರಿದಾಗಲೆಲ್ಲ ಆಯಿ ಮೂಸಿ ನೋಡಿ ಮುಖ ಸಿಂಡರಿಸುತ್ತಿದ್ದಳು. ನನಗೆ ಮಾತ್ರ ಬೇರೆಯವರ ಮನೆಯ ರೊಟ್ಟಿಯೇ ಸಪ್ಪೆ ಅನ್ನಿಸುತ್ತಿತ್ತು.

ನಡುಮನೆಯ ಗೋಡೆಯ ಮೇಲೆ ಅಜ್ಜನ ಫೋಟೋ ಇತ್ತು. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೂ ಏರಿಸಿ, ಗೋಡೆಗೆ ಒರಗಿಸಿ ಕೂಡಿಸುತ್ತೇವೆ. ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳುವ ಉಮೇದು ಆಗಿನ ಜನಕ್ಕೆ ಇರಲಿಲ್ಲ. ಕೂಡಿಸಿದ ಮೇಲೆ ಅಪ್ಪನಿಗೆ ಕರೆ ಬರುತ್ತಿತ್ತು. ಹೀಗಾಗಿ ಎಷ್ಟೋ ಮನೆಗಳಲ್ಲಿ ಪೂಜೆಗಿಟ್ಟ ಫೋಟೋ ಆ ಮನುಷ್ಯನ ಮೊದಲನೆಯದೂ ಹೌದು, ಕೊನೆಯದೂ ಹೌದು. ಫೋಟೋದಲ್ಲಿನ ಮುಚ್ಚಿದ ರೆಪ್ಪೆಯ ಮೇಲೆ ಅಪ್ಪ ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆಯುತ್ತಿದ್ದ. ಅಜ್ಜನ ಕಣ್ಣನ್ನೂ ಅವನೇ ಬರೆದದ್ದು. ಒಂದು ಕಣ್ಣು ತುಸು ಮೇಲಕ್ಕೆ ನೋಡುತ್ತಿತ್ತು. ಆಯಿ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಆ ಚೌಕಟ್ಟಿಗೂ ವಿಭೂತಿ ಹಚ್ಚಿ ಕೈಮುಗಿಯುತ್ತಿದ್ದಳು. ಅದರ ಹಿಂದಿನ ರಟ್ಟಿನೊಳಗೆ ಹನ್ನೊಂದು ಯುದ್ಧವಿಮಾನಗಳ ಫೋಟೋ ಅಡಗಿಸಿಟ್ಟದ್ದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಪ್ಪನಿಗೆ, ಅವ್ವನಿಗೆ, ನನಗೆ.

ಆ ವರ್ಷಗಳ ಚಳಿಗಾಲದಲ್ಲಿ ವಿಮಾನಗಳು ನಮ್ಮ ಆಕಾಶಕ್ಕೆ ಕಾಳಗ ಕಲಿಯಲು ಬರುತ್ತಿದ್ದವು. ಎಲ್ಲಿಂದ ಬರುತ್ತವೆ, ಯಾಕೆ ಇಲ್ಲಿಗೇ ಬರುತ್ತವೆ ಎಂದು ನಮಗೆ ಹೇಳುವವರು ಯಾರು? ಎರಡು ವಿಮಾನ ಗುಡ್ಡ ಸವರಿಕೊಂಡು ಬಂದರೆ ಇನ್ನೆರಡು ಮೇಲಿನಿಂದ ಎರಗಿ ಅವುಗಳ ಬೆನ್ನು ಹತ್ತುತ್ತಿದ್ದವು. ಗುಂಡಿಲ್ಲ, ಹೊಗೆಯಿಲ್ಲ. ಆದರೆ ಆ ಸದ್ದು ಬಂಡೆಯಿಂದ ಬಂಡೆಗೆ ಬಡಿದು ಓಣಿಗೆ ಇಳಿದಾಗ ಮಾಳಿಗೆಯ ಮಣ್ಣು ಅವ್ವನ ಹಿಟ್ಟಿನ ಪರಾತಕ್ಕೆ ಉದುರುತ್ತಿತ್ತು. ಮಂಗಗಳು ಮರಿಗಳನ್ನು ಅವಚಿಕೊಂಡು ಗುಹೆಯ ಮೆಟ್ಟಿಲಿನತ್ತ ಓಡುತ್ತಿದ್ದವು. ಊರವರು ಮೊದಮೊದಲು ಹೊರಗೆ ಬಂದು ನೋಡಿದರು, ಆಮೇಲೆ ತಲೆ ಎತ್ತುವುದನ್ನೂ ಬಿಟ್ಟರು. ಅಪ್ಪ ಬಿಡಲಿಲ್ಲ. ಹರೆಯದಲ್ಲಿ ವಾಯುದಳ ಸೇರಬೇಕೆಂದು ಬೆಳಗಾವಿಯವರೆಗೆ ಹೋಗಿ, ಕಣ್ಣಿನ ಪರೀಕ್ಷೆಯಲ್ಲಿ ಬಿದ್ದು, ಅದೇ ಬಸ್ಸಿಗೆ ವಾಪಸು ಬಂದವನು ಅವನು. “ಒಳಗ ಕುಂಡ್ರಾಕ ಆಗಲಿಲ್ಲ, ಹೊರಗ ನಿಂತಾರ ನೋಡೋಣು,” ಅನ್ನುತ್ತಿದ್ದ. ಹೊರಗೆ ನಿಂತು ನೋಡಲಿಕ್ಕೂ ಅವನ ಕಣ್ಣಿಗೆ ದೂರದ್ದು ಮಸುಕು. ಹೀಗಾಗಿ ನನ್ನ ಕಣ್ಣು ಅವನ ಕಣ್ಣಾಯಿತು. ಆಗ ನನಗೆ ಹನ್ನೊಂದು ವರ್ಷವಿರಬೇಕು.

ಪಾಠ ನಡೆಯುತ್ತಿದ್ದದ್ದು ಊಟದ ತಾಟಿನಲ್ಲಿ. ಅಪ್ಪ ರೊಟ್ಟಿಯನ್ನು ಚಿವುಟಿ ಚಿವುಟಿ ಆಕಾರ ಮಾಡಿ, ಶೇಂಗಾ ಹಿಂಡಿಯ ಪಕ್ಕದಲ್ಲಿ ಇಟ್ಟು ನನ್ನ ಕಡೆ ತಿರುಗಿಸುತ್ತಿದ್ದ.

“ಇದು ಯಾವುದು ಹೇಳವಾ ನೀಲಾ?”

“ಮಿಗ್.”

“ಹೆಂಗ ಗೊತ್ತಾತು?”

“ರೆಕ್ಕಿ ಮೂರು ಮೂಲಿ. ಮೂಗಿನಾಗ ತೂತು.”

“ಮತ್ತ ಇದು?”

“ಹಂಟರ್. ರೆಕ್ಕಿ ಹಿಂದಕ್ಕ ಬಾಗ್ಯಾವು.”

“ಅನ್ನದಾಗ ಆಟ ಆಡಬ್ಯಾಡ್ರಿ,” ಎಂದು ಆಯಿ ಗದರುತ್ತಿದ್ದಳು. “ಅಪ್ಪಗ ಬುದ್ಧಿ ಇಲ್ಲ, ಮಗಳಿಗೆ ಅದೂ ಇಲ್ಲ.”

ಗಿಡ್ಡದ್ದು ನ್ಯಾಟ್. ನಮ್ಮ ದೇಶದಲ್ಲೇ ಮಾಡಿದ ಮಾರುತಕ್ಕೆ ಬಾಲದಲ್ಲಿ ಎರಡು ತೂತು. ನಾನು ಒಂದು ತಿಂಗಳಲ್ಲಿ ಕಲಿತೆ. ಶಾಲೆಯ ಮಗ್ಗಿ ಅಷ್ಟು ಬೇಗ ಬಂದಿರಲಿಲ್ಲ. ರವಿವಾರ ನಾವಿಬ್ಬರೂ ಕೋಟೆಯ ಗುಡ್ಡ ಹತ್ತುತ್ತಿದ್ದೆವು. ಅಲ್ಲಿ ತುದಿಯ ಬಂಡೆಯ ಮೇಲೆ ನಿಂತರೆ ವಿಮಾನ ನಮ್ಮ ತಲೆಯ ಮೇಲಲ್ಲ, ಕಣ್ಣಿನ ಎದುರಿಗೇ ಹಾಯುತ್ತಿತ್ತು. ಒಮ್ಮೆ ಒಳಗೆ ಕೂತವನ ಬಿಳಿ ಟೊಪ್ಪಿಗೆಯನ್ನೂ ಕಂಡೆ. ಅಪ್ಪನ ಕ್ಯಾಮೆರಾವನ್ನು ಎದೆಯ ಮಟ್ಟಕ್ಕೆ ಹಿಡಿದು, ಮೇಲಿನ ಗಾಜಿನೊಳಗೆ ಬಗ್ಗಿ ನೋಡಬೇಕು. ಆ ಗಾಜಿನಲ್ಲಿ ಎಡ ಬಲ ಅದಲುಬದಲು. ಬಲಕ್ಕೆ ಹೋಗುವ ವಿಮಾನ ಎಡಕ್ಕೆ ಓಡುತ್ತದೆ. ಅದಕ್ಕೆ ನಾನು ಪಕ್ಕದಲ್ಲಿ ನಿಂತು ಕೂಗಿ ಹೇಳಬೇಕಾಗಿತ್ತು. “ಸಪ್ಪಳ ಬಂದ ಕಡೆ ನೋಡಬ್ಯಾಡ,” ಎಂದು ಅಪ್ಪ ಹೇಳಿಕೊಟ್ಟಿದ್ದ, “ಸಪ್ಪಳ ಕೇಳೂದರಾಗ ಅದು ಮುಂದ ಹೋಗಿರತೈತಿ.” ಫೋಟೋ ತೊಳೆದಾದ ಮೇಲೆ ಅದರ ಬೆನ್ನಿಗೆ ವಿಮಾನದ ಹೆಸರು, ಎಷ್ಟಿದ್ದವು, ಯಾವ ದಿಕ್ಕಿನಿಂದ ಎಷ್ಟು ಗಂಟೆಗೆ ಬಂದವು ಎಲ್ಲವನ್ನೂ ತನ್ನ ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದ. ಅವ್ವನಿಗೆ ಭಯವಿದ್ದದ್ದು ಫೋಟೋಕ್ಕಿಂತ ಆ ಅಕ್ಷರಗಳ ಮೇಲೆ.

“ಬರೇ ಫೋಟೋ ಇದ್ರ ಹುಚ್ಚು ಅಂತಾರ್ರಿ. ದಿಕ್ಕು ಹೊತ್ತು ಬರದಿಟ್ರ ಬ್ಯಾರೇ ಹೆಸರ ಇಡ್ತಾರ. ಸುಮ್ಮನ ಇರಲಾರದ ಇರಿವಿ ಬಿಟ್ಕೊಳ್ಳೂದು ಯಾಕ?”

“ನಾ ಯಾರಿಗೆ ತೋರಸೇನಿ?”

“ತೋರಸಬೇಕಂತಿಲ್ಲ. ಗ್ವಾಡಿಗೂ ಕಿವಿ ಇರ್ತಾವು.”

ಅವ್ವ ಹೇಳಿದ್ದು ಸುಳ್ಳಾಗಿರಲಿಲ್ಲ. ಎಮರ್ಜೆನ್ಸಿಯ ಕಾಲ. ನಮ್ಮ ಓಣಿಯ ಹಿಂದಿನ ಓಣಿಯಲ್ಲಿದ್ದ ಒಬ್ಬ ಮಾಸ್ತರರನ್ನು ಜೀಪು ಬಂದು ಕರೆದುಕೊಂಡು ಹೋಗಿತ್ತು. ಯಾಕೆ ಎಂದು ಕೇಳಿದವರಿಗೆ ಯಾರೂ ಹೇಳಲಿಲ್ಲ. ಸ್ವಲ್ಪ ದಿನಕ್ಕೆ ಕೇಳುವವರೂ ಇಲ್ಲವಾದರು. ಅವರ ಹೆಂಡತಿ ಬಾವಿಗೆ ಬಂದರೆ ಉಳಿದವರು ಮಾತು ನಿಲ್ಲಿಸುತ್ತಿದ್ದರು. ಅಂಥದ್ದರಲ್ಲಿ ನಾನೊಂದು ಘನಕಾರ್ಯ ಮಾಡಿದೆ. ಶಾಲೆಯಲ್ಲಿ ಅಕ್ಕೋರು ಪಾಠ ಹೇಳುವಾಗ ಹಂಚಿನ ಮೇಲೆ ವಿಮಾನ ಹಾಯ್ದವು. ಹುಡುಗರೆಲ್ಲ ಕಿವಿ ಮುಚ್ಚಿಕೊಂಡರು. ನಾನು ಕಿಟಕಿಯ ಕಡೆ ನೋಡಿ, ಯಾರೂ ಕೇಳದಿದ್ದರೂ, “ಮಾರುತ, ಎರಡು, ಬಡಗಣ ದಿಕ್ಕಿನಿಂದ,” ಎಂದುಬಿಟ್ಟೆ. ಅಕ್ಕೋರು ಹೊಗಳುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಇಳಿದುಹೋಯಿತು.

“ಇದನ್ನ ನಿನಗ ಯಾರು ಹೇಳಿಕೊಟ್ರು?”

ನಾನು ಬಾಯಿ ಬಿಡಲಿಲ್ಲ. ಆದರೆ ಬಾದಾಮಿಯಲ್ಲಿ ಕ್ಯಾಮೆರಾ ಇದ್ದ ಮನೆ ಯಾವುದು ಎಂದು ಹುಡುಕಲು ಪೊಲೀಸರೇ ಬೇಕಾಗಿರಲಿಲ್ಲ. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅವತ್ತು ಅಪ್ಪ ಅವ್ವ ಒಬ್ಬರನ್ನೊಬ್ಬರು ನೋಡದೆ ಉಂಡರು. ಊಟವಾದ ಮೇಲೆ ಅವ್ವ ನನ್ನನ್ನು ಹಿತ್ತಲಿಗೆ ಕರೆದು, ತೋಳು ಬಿಗಿಯಾಗಿ ಹಿಡಿದು ಹೇಳಿದಳು: “ಜೀಪ ಬಂತಂದ್ರ ನಿನ್ನ ಕೆಲಸ ಒಂದಾ. ಒಳಗ ವಿಮಾನದ್ದು ರೋಲ್ ಇದ್ರ ಅದನ್ನ ಬಿಚ್ಚಿ ಬೆಳಕಿಗೆ ಹಿಡಿ, ಎಲ್ಲಾ ಅಳಿಸಿ ಹೋಗಲಿ. ಯಾರನ್ನೂ ಕೇಳಬ್ಯಾಡ.” ಅಂದಿನಿಂದ ನಾನು ವಿಮಾನದ ಸದ್ದಿಗಿಂತ ಜೀಪಿನ ಸದ್ದನ್ನು ಹೆಚ್ಚು ಆಲಿಸತೊಡಗಿದೆ. ಹಾಲಿನವನ ಮೋಟಾರು ಸೈಕಲ್ಲು ಓಣಿಗೆ ಬಂದರೂ ಕತ್ತಲೆ ಕೋಣೆಯ ಬಾಗಿಲವರೆಗೆ ಓಡಿ ನಿಲ್ಲುತ್ತಿದ್ದೆ.

ಹಾಗಿರುವಾಗ ಶಿರೂರಿನಿಂದ ಕರೆ ಬಂತು. ಪಾರವ್ವ ಅನ್ನುವ ಹುಡುಗಿ, ಹೆತ್ತು ಇಪ್ಪತ್ತು ದಿನಕ್ಕೆ ಬಾಣಂತಿ ಜ್ವರದಲ್ಲಿ ತೀರಿಕೊಂಡಿದ್ದಳು. ಫೋಟೋ ತೆಗೆಯುವಾಗ ಹೆಣದ ಹಿಂದೆ ಬಿಳಿ ಧೋತರ ಹಿಡಿಯಲು ಅಪ್ಪ ನನ್ನನ್ನೂ ಕರೆದೊಯ್ದ. ಪಡಸಾಲೆಯಲ್ಲಿ ಆಕೆಯನ್ನು ಹಸಿರು ಇಳಕಲ್ ಸೀರೆ ಉಡಿಸಿ, ಕೈತುಂಬ ಬಳೆ ಇಡಿಸಿ ಕೂಡಿಸಿದ್ದರು. ಭಜನೆಯವರ ದನಿಯ ನಡುವೆ ಒಳಗೆಲ್ಲೋ ಕೂಸು ಅಳುತ್ತಿತ್ತು. ನನಗೆ ಹೆಣದ ಅಂಜಿಕೆ ಇರಲಿಲ್ಲ, ನೂರು ನೋಡಿದ್ದೆ. ಆದರೂ ಈಕೆ ತೀರ ಚಿಕ್ಕವಳು ಅನ್ನಿಸಿ ಮುಖ ನೋಡಲಾಗಲಿಲ್ಲ. ಧೋತರದ ತುದಿ ಹಿಡಿದು, ಆಕೆಯ ಕಾಲ ಹೆಬ್ಬೆರಳ ಅರಿಶಿಣ ನೋಡುತ್ತ ನಿಂತೆ. ಪಾರವ್ವನ ಅತ್ತೆ ಅಪ್ಪನ ಹತ್ತಿರ ಬಂದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಚಂದಂಗ ತಗೀರಿ ಯಪ್ಪಾ. ನಾಳೆ ಈ ಕೂಸಿಗೆ ನಿಮ್ಮವ್ವ ಇಕಿ ಅಂತ ತೋರಸಾಕ ಬ್ಯಾರೇ ಏನೂ ಇಲ್ಲ.”

ಅಪ್ಪ ನಾಲ್ಕು ಫೋಟೋ ತೆಗೆದ. ಒಂದು ರೋಲಿಗೆ ಹನ್ನೆರಡು, ಎಂಟು ಉಳಿದವು. ರೋಲು ತುಂಬುವ ಮುನ್ನ ತೊಳೆಯುವುದು ನಮ್ಮ ಮನೆಯಲ್ಲಿ ಪಾಪಕ್ಕೆ ಸಮ. ರೋಲು ತರಲು ಬಾಗಲಕೋಟೆಗೆ ಹೋಗಬೇಕು, ಹೋದರೂ ಸಿಕ್ಕರೆ ಸಿಕ್ಕಿತು. ಹೀಗಾಗಿ ಮದುವೆಯದ್ದೋ ಮಣ್ಣಿನದ್ದೋ, ಯಾವ ರೋಲಿನಲ್ಲಿ ಜಾಗ ಉಳಿದರೂ ಅದನ್ನು ಅಪ್ಪ ವಿಮಾನಗಳಿಂದ ತುಂಬುತ್ತಿದ್ದ. ಹೊರಳಿ ಬರುವಾಗ ರಸ್ತೆಯ ಬೇವಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತಿದ್ದೆವು. ಅಷ್ಟರಲ್ಲಿ ಹೊಲದ ಅಂಚಿನಿಂದ ಅವು ಎದ್ದು ಬಂದವು. ಅವತ್ತು ಬೇಡ ಎಂದು ಅಪ್ಪ ಅನ್ನಲಿಲ್ಲ. ನಾನೇನು ಕಡಿಮೆ? “ಹಂಟರ್, ಎರಡು, ಎಡಕ್ಕ! ಎಡಕ್ಕ!” ಎಂದು ಕುಣಿದೆ. ಎಂಟೂ ಮುಗಿದವು. ತಿರುಗಿ ನೋಡಿದರೆ ರಸ್ತೆಯ ಮೇಲೆ ಸೈಕಲ್ಲಿನವನೊಬ್ಬ ಒಂದು ಕಾಲು ನೆಲಕ್ಕೂರಿ ನಿಂತಿದ್ದ. ಕ್ಯಾಮೆರಾ ನೋಡಿದ, ಆಕಾಶ ನೋಡಿದ, ಅಪ್ಪನ ಮುಖ ನೋಡಿದ. ಏನೂ ಕೇಳದೆ ತುಳಿದುಕೊಂಡು ಹೋದ. ಬಸ್ಸಿನಲ್ಲಿ ಅಪ್ಪ ನನ್ನ ಕೈ ಬಿಡಲೇ ಇಲ್ಲ.

ಮಾರನೇ ಬೆಳಿಗ್ಗೆ ಅಪ್ಪ ಬಚ್ಚಲಿನಲ್ಲಿದ್ದ. ಆಯಿ ಲಿಂಗಪೂಜೆಗೆ ಕೂತಿದ್ದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಜೀಪು ಬಂದು ನಮ್ಮ ಬಾಗಿಲಿಗೇ ನಿಂತಿತು. ರೊಟ್ಟಿ ಬಡಿಯುವ ಸದ್ದು ನಿಂತದ್ದು ನನಗೆ ಈಗಲೂ ಕೇಳಿಸುತ್ತದೆ.

“ಫೋಟೋದವ್ರು ಅದಾರೇನ್ರಿ?” ಎಂದು ಹೊರಗಿನಿಂದ ಪೊಲೀಸನ ದನಿ. “ಸಾಹೇಬ್ರು ಕರಕೊಂಡ ಬಾ ಅಂದಾರ. ಕ್ಯಾಮೆರಾ ಸೈತ ತರಬೇಕಂತ.”

ಅವ್ವ ನನ್ನನ್ನು ನೋಡಿದಳು. ಹಿಟ್ಟಿನ ಕೈಯನ್ನು ಹಿಂದಿನ ಕೋಣೆಯ ಕಡೆ ಒಮ್ಮೆ ಆಡಿಸಿದಳು. ಕತ್ತಲೆ ಕೋಣೆಯ ಗೋಡೆಯ ಮಾಡದಲ್ಲಿದ್ದ ರೋಲನ್ನು ಹಿಡಿದು ನಾನು ಹಿತ್ತಲಿಗೆ ಓಡಿದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ತುಂಬಿದ ರೋಲಿನಲ್ಲಿ ಕೊನೆಗೆ ತೆಗೆದದ್ದು ಹೊರಸುತ್ತಿನಲ್ಲಿ ಇರುತ್ತದೆ, ಮೊದಲು ತೆಗೆದದ್ದು ಒಳಸುತ್ತಿನಲ್ಲಿ. ಹೊರಗೆ ವಿಮಾನಗಳು, ಒಳಗೆ ಪಾರವ್ವ. ಒಂದು ಮೊಳ ಎಳೆದು ನಿಲ್ಲಿಸಿ, ಮತ್ತೆ ಸುತ್ತಿ ಬಿಗಿದಿದ್ದರೆ ವಿಮಾನಗಳು ಸುಟ್ಟುಹೋಗಿ, ಅಂಚಿಗೆ ಬೆಳಕು ತಗುಲಿದರೂ ಆಕೆಯ ಒಂದಾದರೂ ಮುಖ ಉಳಿಯುತ್ತಿತ್ತು. ಇದು ನನಗೆ ಆಮೇಲೆ ಹೊಳೆದದ್ದಲ್ಲ. ಆಗಲೇ ಗೊತ್ತಿತ್ತು. ಬಿಸಿಲಿನಲ್ಲಿ ನಿಂತು ಕಪ್ಪು ಕಾಗದ ಬಿಚ್ಚಿದೆ, ಒಂದು ಮೊಳ ಎಳೆದೆ, ಕೈ ನಿಂತಿತು. ಕೂಸಿನ ಅಳು ನೆನಪಾಯಿತು. ಹೊರಗೆ ಪೊಲೀಸ ಕೆಮ್ಮಿದ. ಉಳಿದದ್ದನ್ನು ಅವರು ಒಯ್ದು ತೊಳೆದರೆ, ಮೂಲೆಯಲ್ಲಿ ಒಂದೇ ಒಂದು ರೆಕ್ಕೆಯ ತುದಿ ಕಂಡರೆ, ಅಪ್ಪ ಆ ಮಾಸ್ತರರ ಹಾಗೆ ಹೋಗಿಬಿಟ್ಟರೆ? ಕೊನೆಯ ಅಂಟುಪಟ್ಟಿಯವರೆಗೂ ಎಳೆದೆ. ಎಳೆದು, ಎರಡೂ ಕೈಯಲ್ಲಿ ಬಿಸಿಲಿಗೆ ಹಿಡಿದು ಹತ್ತರವರೆಗೆ ಎಣಿಸಿದೆ.

ಜೀಪು ಅಪ್ಪನನ್ನು ಕರೆದುಕೊಂಡು ಹೋಯಿತು. ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು, ಒಬ್ಬರೂ ಒಳಗೆ ಬರಲಿಲ್ಲ. ಅರ್ಧ ಬಡಿದ ರೊಟ್ಟಿ ಹಾಗೇ ಒಣಗಿತು. ಆಯಿ ಅಜ್ಜನ ಫೋಟೋದ ಮುಂದೆ ಕೂತು, ಮಗನನ್ನು ಕಾಪಾಡು ಎಂದು ಬೇಡಿಕೊಳ್ಳುತ್ತಿದ್ದಳು. ಆ ಫೋಟೋದ ಬೆನ್ನಿಗೆ ಏನಿದೆ ಎಂದು ನೆನೆದು ನಾನು ಅತ್ತ ತಿರುಗಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ನಗುತ್ತ ಬಂದ. ಅಂಗಿಯ ಮೇಲೆ ಕುಂಕುಮ, ಕೈಯಲ್ಲಿ ಅರ್ಧ ತೆಂಗಿನಕಾಯಿ.

“ಹೊಲದಾಗ ಆಕಾಶದಿಂದ ಏನೋ ಬಿದ್ದೈತಿ, ಬಾಂಬ್ ಇರಬೇಕಂತ ಸಾಹೇಬ್ರು ದೂರ ನಿಂತಿದ್ರು. ಫೋಟೋ ತಗಿ ಅಂದ್ರು. ನೋಡ್ತೇನಿ, ವಿಮಾನದ ರೆಕ್ಕಿ ಕೆಳಗ ಎಣ್ಣಿ ತುಂಬಿ ಕಟ್ತಾರಲ್ಲ, ಆ ಟಾಕಿ! ಜನ ಅದಕ್ಕ ಕುಂಕುಮ ಹಚ್ಚಿ ಕಾಯಿ ಒಡದು ಕುಂತಾರ. ಬಾಂಬ್ ಅಲ್ರಿ ಅಂದೆ. ನಿನಗ ಹೆಂಗ ಗೊತ್ತು ಅಂತ ಒಬ್ಬರೂ ಕೇಳಲಿಲ್ಲ ನೋಡು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗಾತು ನಮ್ಮ ಹಣೇಬರಾ!”

ಅವ್ವ ನಗಲಿಲ್ಲ. ಅಪ್ಪ ಕೈ ತೊಳೆದು, “ಶಿರೂರಿನ ರೋಲ್ ಕೊಡವಾ, ತೊಳದಬಿಡ್ತೇನಿ,” ಎಂದ. ನಾನು ಸೆರಗಿನ ಹಾಗೆ ಮಡಿಚಿ ಬಚ್ಚಿಟ್ಟಿದ್ದ ಫಿಲ್ಮನ್ನು ತಂದು ಅವನ ಮುಂದೆ ಇಟ್ಟೆ.

ಅವನು ಅದನ್ನು ಎತ್ತಿ ಕೊನೆಯ ತುದಿಯವರೆಗೂ ಬೆರಳಾಡಿಸಿದ.

“ಒಳಗಿಂದೂ?”

“ಒಳಗಿಂದೂ.”

ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು. ಹೊಡೆಯಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಅದನ್ನು ಔಷಧಕ್ಕೆ ಹಾಕಿ ತೊಳೆದ, ತಂತಿಗೆ ತೂಗುಹಾಕಿದ. ತುದಿಯಿಂದ ತುದಿಗೆ ಕಪ್ಪು ಪಟ್ಟಿ, ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ನಡುಮನೆಗೆ ಬಂದು ಅಜ್ಜನ ಫೋಟೋ ಇಳಿಸಿ, ರಟ್ಟು ಬಿಚ್ಚಿ, ಹನ್ನೊಂದನ್ನೂ ಬಚ್ಚಲೊಲೆಗೆ ಒಂದೊಂದಾಗಿ ಹಾಕಿದ. ಆಯಿ ಹೊಸ್ತಿಲಲ್ಲಿ ನಿಂತು ನೋಡಿದಳು. “ಇಷ್ಟ ದಿನ ನಾ ಯಾರಿಗೆ ಕೈಮುಗದ್ನೋ ಶಿವನೇ,” ಅಂದಳು. ಅಪ್ಪ ಮತ್ತೆಂದೂ ಕ್ಯಾಮೆರಾ ಹಿಡಿದು ಗುಡ್ಡ ಹತ್ತಲಿಲ್ಲ.

ಪಾರವ್ವನ ಶಿವಗಣಾರಾಧನೆಗೆ, ಸತ್ತವರ ಹೆಸರಿನಲ್ಲಿ ಊಟ ಹಾಕುವ ದಿನ, ಅಪ್ಪ ನನ್ನನ್ನು ಕರೆದುಕೊಂಡು ಬರಿಗೈಯಲ್ಲಿ ಶಿರೂರಿಗೆ ಹೋದ. “ನನ್ನ ಕೈಯಾಗ ಬೆಳಕ ಬಿತ್ರಿ. ತಪ್ಪು ನಂದೈತಿ,” ಎಂದ. ನನ್ನ ಕಡೆ ನೋಡಲೂ ಇಲ್ಲ. ಪಾರವ್ವನ ಅತ್ತೆ ಬೈಯಲಿಲ್ಲ, ಅಳಲಿಲ್ಲ. ಫೋಟೋ ಇಡಲು ಹೂ ಜೋಡಿಸಿದ್ದ ಮಣೆಯನ್ನು ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ ಸೊಸೆಯ ಒಂದು ಕುಪ್ಪಸ ತಂದು, ಮಡಿಚಿ ಅದರ ಮೇಲಿಟ್ಟು, ಹಾರವನ್ನು ಅದಕ್ಕೇ ಹಾಕಿದಳು. ನಾನು ಅವತ್ತು ಅಲ್ಲಿ ಉಣ್ಣಲಿಲ್ಲ.

ವರ್ಷಗಳು ಹೋದವು. ಅಪ್ಪನ ಕಣ್ಣು ಪೂರಾ ಮಂಜಾಯಿತು, ಸ್ಟುಡಿಯೋ ನನ್ನ ಕೈಗೆ ಬಂತು. ಒಂದು ಮಧ್ಯಾಹ್ನ ಲಂಗ ದಾವಣಿಯ ಹುಡುಗಿಯೊಬ್ಬಳು ಪರೀಕ್ಷೆಯ ಫಾರ್ಮಿಗೆ ಫೋಟೋ ಬೇಕೆಂದು ಬಂದಳು. ಹೊಸ ರೋಲು ಹಾಕಿ, ಸ್ಟೂಲಿನ ಮೇಲೆ ಕೂಡಿಸಿ, ಚೀಟಿಗೆಂದು ಹೆಸರು ಕೇಳಿದೆ.

“ಪಾರ್ವತಿ ರೀ. ಶಿರೂರು. ಸತ್ತ ನಮ್ಮವ್ವನ ಹೆಸರಾ ಇಟ್ಟಾರ. ಆಕಿ ಫೋಟೋ ನಿಮ್ಮಲ್ಲೇ ತಗಿಸಿದ್ರಂತ, ಹಾಳಾತಂತ. ಒಂದರೆ ಉಳದೈತೇನ್ರಿ ಅಕ್ಕಾ?”

ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಅವನ ಸುಳ್ಳಿನ ಹಿಂದೆ ನಾನು ಇನ್ನೂ ಎಷ್ಟು ವರ್ಷ ಅಡಗಬೇಕು? ನಾನು ಕ್ಯಾಮೆರಾ ಬಿಟ್ಟು ಅವಳ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ವಿಮಾನ, ಜೀಪು, ಒಂದು ಮೊಳಕ್ಕೆ ನಿಂತ ಕೈ, ಮತ್ತೆ ಎಳೆದ ಕೈ.

“ಮುಖ ಹೆಂಗಿತ್ರಿ?” ಎಂದು ಕೊನೆಗೆ ಕೇಳಿದಳು.

ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹಂಟರಿಗೂ ಮಾರುತಕ್ಕೂ ಇರುವ ಭೇದ ಹೇಳುತ್ತಿದ್ದವಳು ನಾನು.

“ನಾ ನೋಡಲಿಲ್ಲ ತಂಗಿ. ಕಾಲ ನೋಡಿದ್ದೆ. ಹೆಬ್ಬಟ್ಟಿಗೆ ಅರಿಶಿಣ ಹಚ್ಚಿದ್ರು.”

ಅವಳು ಬಗ್ಗಿ ತನ್ನ ಕಾಲನ್ನು ನೋಡಿಕೊಂಡಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, “ತಗೀರಿ, ಬಸ್ಸಿಗೆ ಹೊತ್ತಾತು,” ಎಂದಳು. ರೆಪ್ಪೆ ಬಡಿದೀತೆಂಬ ಭಯಕ್ಕೆ ಕಣ್ಣು ಅಗಲಿಸಿ ಕೂತಳು. ಒಂದೇ ಒಂದು ಫೋಟೋ ತೆಗೆದೆ. ಅವಳು ಹೊರಗೆ ನಿಂತಳು, ನಾನು ಕತ್ತಲೆ ಕೋಣೆಯ ಬಾಗಿಲು ಹಾಕಿಕೊಂಡೆ. ಔಷಧದ ವಾಸನೆ ಕಟ್ಟೆಯವರೆಗೆ ಹೋಗಿರಬೇಕು. ಹೊರಗಿನಿಂದ ಅಪ್ಪ ಕೂಗಿದ.

“ಈಗರೆ ಹಾಕಿದೆಲ್ಲವಾ ರೋಲ್. ಅಷ್ಟರಾಗ ತುಂಬಿತೇನು?”

“ಇಲ್ಲಪ್ಪಾ. ಒಂದಾ ಐತಿ. ಶಿರೂರಿನ ಪಾರವ್ವನ ಮಗಳದ್ದು.”

ಅಪ್ಪ ಗೋಡೆ ತಡವುತ್ತ ಕತ್ತಲೆ ಕೋಣೆಯ ಬಾಗಿಲಿಗೆ ಬಂದದ್ದು ಕೇಳಿಸಿತು.

“ತೊಳಿ,” ಎಂದ ಅಪ್ಪ. “ಬಾಗಲಾ ಸರಿಯಾಗಿ ಹಾಕ್ಯೊಂಡಿ ಇಲ್ಲೋ ನೋಡು.”